ಮನೆಯಲ್ಲೇ ಸರಿ ಮಾಡಿದ ಹಳೆ ಜೀಪು ಕೊಳ್ಳುವ ಮುಂಚೆ: ಅಡಿಯಿಂದ ಮೇಲಕ್ಕೆ ನೋಡುವ ಕ್ರಮ

ಹೋದ ಬೇಸಿಗೆಯಲ್ಲಿ ನನ್ನ ಪರಿಚಯದ ಮೂರು ಜನ ಹಳೆ ಜೀಪು ತಗೊಂಡರು. ಒಬ್ಬರು ತೀರ್ಥಹಳ್ಳಿ ಕಡೆಯವರು, ಇಬ್ಬರು ಹೊಸನಗರದ ಕಡೆಯವರು. ಮೂರೂ ಗಾಡಿ ಯಾರೋ ಆಸೆಪಟ್ಟು ಮನೆ ಅಂಗಳದಲ್ಲೇ ಬಿಚ್ಚಿ, ಜೋಡಿಸಿ, ಬಣ್ಣ ಹೊಡೆದದ್ದು. ಮಳೆಗಾಲ ಮುಗಿಯುವಷ್ಟರಲ್ಲಿ ಒಂದರ ನೆಲ ತೂತಾಗಿತ್ತು, ಇನ್ನೊಂದರ ಫೋರ್ ವೀಲ್ (ನಾಲ್ಕೂ ಚಕ್ರ ಎಳೆಯುವ ವ್ಯವಸ್ಥೆ) ಇದ್ದೂ ಇಲ್ಲದ ಹಾಗೆ, ಮೂರನೆಯದು ಆರ್‌ಸಿ ವರ್ಗಾವಣೆ ಆಗದೆ ಕೊಟ್ಟಿಗೆ ಪಕ್ಕ ನಿಂತಿತ್ತು.

ಮೂರೂ ಜನ ಮಾಡಿದ ತಪ್ಪು ಒಂದೇ. ಮೊದಲು ಬಣ್ಣ ನೋಡಿದರು, ಆಮೇಲೆ ರೇಟು ಮಾತಾಡಿದರು, ಮುಂಗಡ ಕೊಟ್ಟ ಮೇಲೆ ಅಡಿಗೆ ಬಗ್ಗಿದರು. ಕ್ರಮವೇ ತಲೆಕೆಳಗು.

ಮಾರುವವರು ಮೋಸಗಾರರು ಅಂತಲ್ಲ. ಭಾನುವಾರ ಭಾನುವಾರ ಕೂತು ಎರಡು ವರ್ಷ ಕೆಲಸ ಮಾಡಿದವರಿಗೆ ಆ ಜೀಪು ಮಗುವಿದ್ದ ಹಾಗೆ. ಆದರೆ ಹವ್ಯಾಸಕ್ಕೆ ಮಾಡುವವರ ದುಡ್ಡು ಕಣ್ಣಿಗೆ ಕಾಣುವ ಕಡೆ ಹೋಗುತ್ತದೆ: ಬಣ್ಣ, ಸೀಟು, ಟೈರು, ಬಂಪರ್. ಕಾಣದ ಕಡೆ ಉಳಿದದ್ದಕ್ಕೆ ದುಡ್ಡು ಹಾಕಬೇಕಾದವರು ನೀವು.

ಇಲ್ಲಿ ಬರೆದಿರುವುದು ನಮ್ಮ ಕಡೆ ಜಾಸ್ತಿ ಸಿಗುವ ಮಹೀಂದ್ರ ಜೀಪುಗಳಿಗೆ: ಸಿಜೆ-3ಬಿ, ಎಂಎಂ-540, 550 ಮತ್ತು ಅದೇ ಜಾತಿಯವು.

ಜೊತೆಗೆ ಒಯ್ಯಬೇಕಾದದ್ದು

ಟಾರ್ಚ್. ಬಟ್ಟೆ ಸುತ್ತಿದ ಸಣ್ಣ ಮ್ಯಾಗ್ನೆಟ್. ಚೂಪು ತುದಿಯ ಹಳೆ ಸ್ಕ್ರೂಡ್ರೈವರ್. ಟೇಪು, ಸೀಮೆಸುಣ್ಣ, ಪೆನ್ಸಿಲ್ ಮತ್ತು ತೆಳು ಕಾಗದ. ಜಾಕ್, ಚಕ್ರಕ್ಕೆ ಕೊಡಲು ನಾಲ್ಕು ಮರದ ತುಂಡು. ಮೈ ಕೆಳಗೆ ಹಾಸಲು ಗೋಣಿಚೀಲ. ಹಳೆ ಅಂಗಿ ಹಾಕಿಕೊಂಡು ಹೋಗಿ. ಒಳ್ಳೆ ಬಟ್ಟೆ ಹಾಕಿಕೊಂಡು ಹೋದವರು ಅಡಿಗೆ ಹೋಗುವುದಿಲ್ಲ, ಇದು ನಾನು ಕಂಡ ಸತ್ಯ.

ಹೊರಡುವ ಮುಂಚೆ ಫೋನಿನಲ್ಲಿ ಎರಡು ಮಾತು ಹೇಳಿ. ಗಾಡಿ ತೊಳೆಯಬೇಡಿ. ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ. ಒದ್ದೆ ಬಣ್ಣ ಯಾವಾಗಲೂ ಚೆಂದ ಕಾಣುತ್ತದೆ. ಬಿಸಿ ಎಂಜಿನ್ ತನ್ನ ಕಾಯಿಲೆ ಮುಚ್ಚಿಡುತ್ತದೆ.

ಹಂತ 1: ಕಾಗದ ಪತ್ರ

ಗಾಡಿ ನೋಡುವ ಮುಂಚೆ ಆರ್‌ಸಿ ಕೇಳಿ. ಕಾಗದ ಸರಿ ಇಲ್ಲದ ಜೀಪು ಎಷ್ಟು ಚೆನ್ನಾಗಿದ್ದರೂ ಬಿಡಿಭಾಗದ ಬೆಲೆಗಷ್ಟೇ ಸಮ.

ಆರ್‌ಸಿಯಲ್ಲಿ ಐದು ವಿಷಯ ನೋಡಿ. ಚಾಸಿ (ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟು) ನಂಬರ್, ಎಂಜಿನ್ ನಂಬರ್, ಇಂಧನ ಯಾವುದು, ನೋಂದಣಿ ಎಲ್ಲಿಯ ತನಕ, ಸಾಲದ ಹೆಸರು ಇದೆಯೇ. ಖಾಸಗಿ ಗಾಡಿಗೆ ಮೊದಲ ನೋಂದಣಿ 15 ವರ್ಷ. ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ಅವಧಿ ಮುಗಿದು ವರ್ಷಗಟ್ಟಲೆ ಆಗಿದ್ದರೆ ಹಸಿರು ತೆರಿಗೆ, ದಂಡ, ಶುಲ್ಕ ಎಲ್ಲ ಸೇರಿ ಎಷ್ಟಾಗುತ್ತದೆ ಎಂದು ಶಿವಮೊಗ್ಗ ಅಥವಾ ಸಾಗರದ ಆರ್‌ಟಿಓ ಕಚೇರಿಯಲ್ಲಿ ಕೇಳಿಕೊಂಡು ಬನ್ನಿ. ಅಂದಾಜಿಗೆ ಬಿಡಬೇಡಿ.

ಎಂಜಿನ್ ವಿಷಯದಲ್ಲೇ ಜಾಸ್ತಿ ಜನ ಸಿಕ್ಕಿ ಬೀಳುವುದು. ಆರ್‌ಸಿಯಲ್ಲಿ ಪೆಟ್ರೋಲ್ ಎಂದಿರುತ್ತದೆ, ಬಾನೆಟ್ ಕೆಳಗೆ ಡೀಸೆಲ್ ಕೂತಿರುತ್ತದೆ. ಮೂಲ ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಕೂರಿಸುವುದು ನಮ್ಮಲ್ಲಿ ಮಾಮೂಲು. ಆದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಅದನ್ನು ಅನುಮತಿ ಪಡೆದು ಆರ್‌ಸಿಯಲ್ಲಿ ಬರೆಸಬೇಕು. ಬರೆಸಿಲ್ಲದಿದ್ದರೆ ನವೀಕರಣದ ದಿನ ತೊಂದರೆ, ಅಪಘಾತ ಆದರೆ ವಿಮೆಗೂ ತೊಂದರೆ. "ಅದೆಲ್ಲ ಆಗುತ್ತೆ ಮಾರಾಯ್ರೆ, ನಮ್ಮ ಏಜೆಂಟ್ ಇದಾನೆ" ಅಂದರೆ, "ಹಾಗಾದ್ರೆ ನೀವೇ ಮಾಡಿಸಿ ಕೊಡಿ, ಆಮೇಲೆ ದುಡ್ಡು ಕೊಡ್ತೀನಿ" ಅನ್ನಿ.

ಸಾಲದ ಹೆಸರು ಇನ್ನೊಂದು ತಲೆನೋವು. ಮೂವತ್ತು ವರ್ಷದ ಹಿಂದೆ ತೀರಿಸಿದ ಸಾಲ ಆರ್‌ಸಿಯಲ್ಲಿ ಹಾಗೇ ಉಳಿದಿರುತ್ತದೆ. ಬ್ಯಾಂಕಿನ ಹೆಸರು ವಿಜಯಾ ಬ್ಯಾಂಕ್ ಎಂದಿದ್ದರೆ ಈಗ ಬ್ಯಾಂಕ್ ಆಫ್ ಬರೋಡಾಕ್ಕೆ ಹೋಗಬೇಕು, ಸಿಂಡಿಕೇಟ್ ಎಂದಿದ್ದರೆ ಕೆನರಾಕ್ಕೆ, ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಂದಿದ್ದರೆ ಎಸ್‌ಬಿಐಗೆ. ಅಲ್ಲಿಂದ ಪತ್ರ ತಂದು ಫಾರ್ಮ್ 35 ಕೊಟ್ಟರೆ ಮಾತ್ರ ಹೆಸರು ಹೋಗುತ್ತದೆ. ಆರ್‌ಸಿಯಲ್ಲಿ ಇರುವ ಮಾಲೀಕರು ತೀರಿಹೋಗಿದ್ದರೆ ಮೊದಲು ವಾರಸುದಾರರ ಹೆಸರಿಗೆ ಫಾರ್ಮ್ 31ರಲ್ಲಿ ಆಗಬೇಕು, ಆಮೇಲೆ ನಿಮಗೆ. ಮಿಲಿಟರಿ ಹರಾಜಿನ ಗಾಡಿ ಎಂದರೆ ಹರಾಜಿನ ಕಾಗದ ಕಣ್ಣಾರೆ ನೋಡಿ.

ಚಾಸಿ ನಂಬರ್ ಎಲ್ಲಿದೆ ಎಂದು ಮಾರುವವರಿಗೇ ತೋರಿಸಲು ಹೇಳಿ. ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಿರಿ. ಅಕ್ಷರಗಳ ಆಳ ಒಂದೊಂದು ತರ ಇದ್ದರೆ, ಸುತ್ತ ಗ್ರೈಂಡಿಂಗ್ ಗುರುತು ಇದ್ದರೆ, ಆ ಜಾಗಕ್ಕೆ ಮಾತ್ರ ದಪ್ಪ ಬಣ್ಣ ಬಿದ್ದಿದ್ದರೆ, ಚಹಾ ಕುಡಿದು ವಾಪಸ್ ಬನ್ನಿ.

ಹಂತ 2: ಚಾಸಿ. ಅರ್ಧ ಹೊತ್ತು ಇಲ್ಲೇ ಹೋಗಲಿ

ನನ್ನ ಮೊದಲ ಜೀಪು ರಿಪ್ಪನ್‌ಪೇಟೆ ಹತ್ತಿರದ ಒಂದು ಮನೆಯಿಂದ ತಂದದ್ದು. ಅಡಿಗೆಲ್ಲ ಕರ್ರಗೆ ಟಾರಿನಂಥ ಬಣ್ಣ ಬಳಿದಿದ್ದರು. ಎಷ್ಟು ಚೆನ್ನಾಗಿ ಕಾಪಾಡಿದ್ದಾರೆ ಅಂದುಕೊಂಡೆ. ಎರಡನೇ ತಿಂಗಳು ಹಿಂದೆ ಆರು ಚೀಲ ಅಡಿಕೆ ಹಾಕಿಕೊಂಡು ತೋಟದಿಂದ ಮೇಲೆ ಹತ್ತುವಾಗ ಟಪ್ ಅಂತ ಸದ್ದಾಯಿತು, ಗಾಡಿ ಎಡಕ್ಕೆ ವಾಲಿತು. ಹಿಂದಿನ ಪ್ಲೇಟ್ ಸ್ಪ್ರಿಂಗ್ ಹಿಡಿದುಕೊಳ್ಳುವ ಹ್ಯಾಂಗರ್ ಚಾಸಿಯಿಂದ ಕಿತ್ತು ಬಂದಿತ್ತು. ಕಪ್ಪು ಬಣ್ಣದ ಒಳಗೆ ಕಬ್ಬಿಣವೇ ಇರಲಿಲ್ಲ, ಬರೀ ಹಪ್ಪಳ. ಅವತ್ತಿನಿಂದ ಹೊಸದಾಗಿ ಕಪ್ಪು ಬಳಿದ ಅಡಿ ಕಂಡರೆ ನನಗೆ ಅನುಮಾನ.

ಗಾಡಿ ಸಮ ನೆಲದಲ್ಲಿರಲಿ, ಜಾಕ್ ಹಾಕಬೇಡಿ. ಜೀಪು ಎತ್ತರ ಇದೆ, ಗೋಣಿ ಹಾಸಿ ಮಲಗಿದರೆ ಸಾಕು. ಮುಂದಿನ ಬಂಪರಿನಿಂದ ಶುರು ಮಾಡಿ ಎರಡೂ ಉದ್ದ ಪಟ್ಟಿಯನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ಗೇಣಿಗೊಂದು ಸಲ ಕುಟ್ಟುತ್ತಾ ಹಿಂದಕ್ಕೆ ಹೋಗಿ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ. ಕೊಳೆತದ್ದು ಡಬ್ ಅನ್ನುತ್ತದೆ. ಡಬ್ ಅಂದ ಕಡೆ ಸೀಮೆಸುಣ್ಣದ ಗುರುತು ಹಾಕಿ, ಚೂಪು ತುದಿಯಿಂದ ಒತ್ತಿ. ಒಳಗೆ ಹೋದರೆ ಅಲ್ಲಿಗೆ ಉತ್ತರ ಸಿಕ್ಕಿತು.

ಮೊದಲು ಕೊಳೆಯುವ ಜಾಗಗಳು ಇವು: ತೀರ ಹಿಂದಿನ ಅಡ್ಡಪಟ್ಟಿ, ನಾಲ್ಕೂ ಸ್ಪ್ರಿಂಗಿನ ಹ್ಯಾಂಗರ್, ಬಾಡಿ ಕೂರುವ ಬ್ರಾಕೆಟ್, ಬ್ಯಾಟರಿಯ ಕೆಳಭಾಗ, ಸ್ಟೀರಿಂಗ್ ಬಾಕ್ಸ್ ಬೋಲ್ಟ್ ಹಾಕಿದ ಜಾಗ. ನಮ್ಮ ಕೆಂಪು ಮಣ್ಣು ಮೂಲೆಯಲ್ಲಿ ಮೆತ್ತಿಕೊಂಡರೆ ಮಳೆ ನಿಂತು ತಿಂಗಳಾದರೂ ಒಣಗುವುದಿಲ್ಲ. ಕುಂದಾಪುರ, ಹೊನ್ನಾವರ ಕಡೆ ಓಡಿದ ಗಾಡಿಯಾದರೆ ಉಪ್ಪುಗಾಳಿ ಬೇರೆ. ಗಾಡಿಯ ನಂಬರ್ ಕೆಎ-20 (ಉಡುಪಿ) ಅಥವಾ ಕೆಎ-47 (ಹೊನ್ನಾವರ) ಆಗಿದ್ದರೆ ಇನ್ನೂ ಹತ್ತು ನಿಮಿಷ ಜಾಸ್ತಿ ಕುಟ್ಟಿ.

ಆಮೇಲೆ ವೆಲ್ಡಿಂಗ್ ನೋಡಿ. ಹ್ಯಾಂಗರ್ ಹತ್ತಿರ ಒಂದು ತೇಪೆ ಇದ್ದರೆ ಪರವಾಗಿಲ್ಲ, ಅದು ಮಲೆನಾಡಿನ ಜೀಪಿಗೆ ಸಹಜ. ಆದರೆ ಎರಡೂ ಉದ್ದ ಪಟ್ಟಿಯಲ್ಲಿ, ಎಡ ಬಲ ಒಂದೇ ಜಾಗದಲ್ಲಿ, ಪೂರ್ತಿ ಸುತ್ತು ವೆಲ್ಡಿಂಗ್ ಇದ್ದರೆ ಉದ್ದ ಚಾಸಿಯನ್ನು ಕತ್ತರಿಸಿ ಗಿಡ್ಡ ಮಾಡಿದ್ದಾರೆ ಎಂದರ್ಥ. ಗಿಡ್ಡ ಜೀಪಿಗೆ ಬೇಡಿಕೆ ಜಾಸ್ತಿ ನೋಡಿ. ಸಿಜೆ-3ಬಿಯ ಮುಂದಿನ ಚಕ್ರದ ಮಧ್ಯದಿಂದ ಹಿಂದಿನ ಚಕ್ರದ ಮಧ್ಯಕ್ಕೆ 80 ಇಂಚು. ಎರಡೂ ಕಡೆ ಟೇಪು ಹಿಡಿದು ಅಳೆಯಿರಿ. ಕತ್ತರಿಸಿದ ಚಾಸಿಗೆ ನನ್ನ ಲೆಕ್ಕದಲ್ಲಿ ಬೆಲೆಯೇ ಇಲ್ಲ.

ಕೊನೆಗೆ ಕರ್ಣ ಅಳತೆ. ಮುಂದಿನ ಎಡ ಸ್ಪ್ರಿಂಗ್ ಬೋಲ್ಟಿನಿಂದ ಹಿಂದಿನ ಬಲ ಬೋಲ್ಟಿಗೆ, ಆಮೇಲೆ ಬಲದಿಂದ ಎಡಕ್ಕೆ. ಕಾಲು ಇಂಚಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಎರಡನೇ ಸಲ ಅಳೆಯಿರಿ. ಆಗಲೂ ಬಂದರೆ ಚಾಸಿ ಸೊಟ್ಟಗಾಗಿದೆ.

ಹಂತ 3: ಕೆಲಸದ ಕೈ ಗುರುತಿಸುವುದು

ಅಡಿಯಿಂದ ಎದ್ದು ಬರುವ ಮುಂಚೆ ಬೋಲ್ಟ್, ನಟ್, ಪಿನ್ನುಗಳನ್ನು ನೋಡಿ. ಕೆಲಸ ಮಾಡಿದವರು ಎಂಥವರು ಎಂದು ಬಣ್ಣಕ್ಕಿಂತ ಚೆನ್ನಾಗಿ ಇವು ಹೇಳುತ್ತವೆ.

ವಿಲ್ಲೀಸ್ (ಅಮೆರಿಕದ ಜೀಪು ಕಂಪನಿ) ಮೂಲದ ಜೀಪು ಇಂಚಿನ ಅಳತೆಯದ್ದು. ಅರ್ಧ ಇಂಚು, ಒಂಬತ್ತು ಹದಿನಾರು (9/16 ಇಂಚು) ಸ್ಪ್ಯಾನರ್ ಕೂರಬೇಕು. ಅಲ್ಲಲ್ಲಿ ಮಿಲಿಮೀಟರ್ ಬೋಲ್ಟ್ ತುರುಕಿದ್ದರೆ ತ್ರೆಡ್ ಹಾಳಾಗಿರುತ್ತದೆ. ಸ್ಟೀರಿಂಗ್ ಕೊಂಡಿಗಳ ನಟ್ಟಿಗೆ ಕಾಟರ್ ಪಿನ್ (ನಟ್ ಕಳಚದಂತೆ ತಡೆಯುವ ಪಿನ್) ಇರಲೇಬೇಕು. ಅದರ ಬದಲು ಬೇರೇನೋ ಹಾಕಿದ್ದನ್ನು ನಾನು ಎರಡು ಗಾಡಿಯಲ್ಲಿ ಕಂಡಿದ್ದೇನೆ. ಒಂದರಲ್ಲಿ ಬಗ್ಗಿಸಿದ ಮೊಳೆ, ಇನ್ನೊಂದರಲ್ಲಿ ಬೇಲಿ ತಂತಿ. ಎರಡರ ಬಣ್ಣವೂ ಕನ್ನಡಿಯ ಹಾಗಿತ್ತು.

ಹಳೆ ಜೀಪುಗಳಲ್ಲಿ ಎಡಗಡೆ ಚಕ್ರದ ನಟ್ ಉಲ್ಟಾ ತ್ರೆಡ್ ಇರುತ್ತದೆ, ಬಲಕ್ಕೆ ತಿರುಗಿಸಿದರೆ ಸಡಿಲ ಆಗುತ್ತದೆ. ಗೊತ್ತಿಲ್ಲದವರು ಪೈಪು ಹಾಕಿ ಉಲ್ಟಾ ಎಳೆದು ಸ್ಟಡ್ ಮುರಿದಿರುತ್ತಾರೆ. ಎಡ ಚಕ್ರದಲ್ಲಿ ಸ್ಟಡ್ ಕಮ್ಮಿ ಇದ್ದರೆ ಕಾರಣ ಇದೇ.

ಫೋಟೋ, ಬಿಲ್ಲು ಕೇಳಿ. ಬರೀ ಕಬ್ಬಿಣ ಕಾಣುವಂತೆ ಬಿಚ್ಚಿಟ್ಟ ಚಾಸಿಯ ಫೋಟೋ ಇದ್ದರೆ ಆ ಗಾಡಿಗೆ ನಾನು ಖುಷಿಯಿಂದ ಜಾಸ್ತಿ ಕೊಡುತ್ತೇನೆ. ನಿಜವಾಗಿ ಕೆಲಸ ಮಾಡಿದವರು ಫೋಟೋ ತೆಗೆಯದೆ ಇರುವುದಿಲ್ಲ.

ಹಂತ 4: ತಣ್ಣಗಿರುವಾಗ ಎಂಜಿನ್

ಬಾನೆಟ್ ತೆಗೆದು ಮೊದಲು ಎಂಜಿನ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಯಾರೋ ಬೆಳಿಗ್ಗೆಯೇ ಸ್ಟಾರ್ಟ್ ಮಾಡಿದ್ದಾರೆ. ತಣ್ಣಗಾಗುವ ತನಕ ಬೇರೆ ಕೆಲಸ ನೋಡಿ, ಇಲ್ಲ ನಾಳೆ ಬರುತ್ತೇನೆ ಎನ್ನಿ.

ತಣ್ಣಗಿದ್ದಾಗ ಮಾತ್ರ ರೇಡಿಯೇಟರ್ ಮುಚ್ಚಳ ತೆಗೆಯಿರಿ. ನೀರಿನ ಮೇಲೆ ಎಣ್ಣೆ ಪಸೆ ತೇಲಬಾರದು. ಡಿಪ್‌ಸ್ಟಿಕ್ಕಿನ (ಆಯಿಲ್ ಮಟ್ಟ ನೋಡುವ ಕಡ್ಡಿ) ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣ ಇದ್ದರೆ ನೀರು ಸೇರಿದೆ, ಹೆಡ್ ಗ್ಯಾಸ್ಕೆಟ್ ಅಥವಾ ಅದಕ್ಕಿಂತ ದೊಡ್ಡ ಕೆಲಸ ಇದೆ.

ಈಗ ಸ್ಟಾರ್ಟ್ ಮಾಡಿಸಿ, ನೀವು ಸೈಲೆನ್ಸರ್ ಹಿಂದೆ ನಿಲ್ಲಿ. ಡೀಸೆಲ್ ಗಾಡಿ ಚಳಿಯಲ್ಲಿ ಮೊದಲ ನಿಮಿಷ ಬಿಳಿ ಹೊಗೆ ಬಿಟ್ಟರೆ ತಪ್ಪಿಲ್ಲ. ಬಿಸಿಯಾದ ಮೇಲೂ ಬಿಳಿ ಬರುತ್ತಿದ್ದರೆ ನೀರು ಅಥವಾ ಉರಿಯದ ಡೀಸೆಲ್. ನೀಲಿ ಹೊಗೆ ಆಯಿಲ್ ಸುಡುವ ಗುರುತು. ಎಕ್ಸಿಲೇಟರ್ ಒತ್ತಿದಾಗ ಮೋಡದಂಥ ಕಪ್ಪು ಬಂದರೆ ಪಂಪು ಅಥವಾ ನಾಝಲ್. ಹತ್ತು ನಿಮಿಷ ಓಡಿದ ಮೇಲೆ ಆಯಿಲ್ ಹಾಕುವ ಮುಚ್ಚಳ ಸಡಿಲ ಮಾಡಿ ನೋಡಿ. ಅಲ್ಲಿಂದ ಹೊಗೆ ಬುಸುಬುಸು ಎಂದು ಬಡಿದರೆ ಪಿಸ್ಟನ್ ರಿಂಗ್ ಮುಗಿದಿದೆ. ಎಂಜಿನ್ ಹೊಸದಾಗಿ ಕಟ್ಟಿಸಿದ್ದೇನೆ ಎನ್ನುವವರ ಮಾತಿಗೆ ಇದೇ ಪರೀಕ್ಷೆ.

ಹಂತ 5: ಬ್ರೇಕು, ಓಡಿಸುವ ಮುಂಚೆ

ಇದನ್ನು ಬಿಟ್ಟು ನೇರ ರಸ್ತೆಗೆ ಹೋಗುವವರೇ ಜಾಸ್ತಿ. ಹಳೆ ಸಿಜೆ ಜೀಪಿನಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಬ್ರೇಕ್ ಲೈನು. ಒಂದು ಹೋಸ್ ಒಡೆದರೆ ನಾಲ್ಕೂ ಹೋಯಿತು. ಪೆಡಲ್ ಜೋರಾಗಿ ಒತ್ತಿ ಅರ್ಧ ನಿಮಿಷ ಹಿಡಿಯಿರಿ. ನಿಧಾನಕ್ಕೆ ಕೆಳಗಿಳಿದರೆ ಓಡಿಸಬೇಡಿ. ಚಕ್ರದ ಒಳಮೈ ಟಾರ್ಚ್ ಹಾಕಿ ನೋಡಿ, ಒದ್ದೆ ಇರಬಾರದು.

ಹ್ಯಾಂಡ್ ಬ್ರೇಕ್ ವಿಷಯದಲ್ಲಿ ಒಂದು ಎಚ್ಚರಿಕೆ. ಹಳೆ ಜೀಪುಗಳ ಹ್ಯಾಂಡ್ ಬ್ರೇಕ್ ಚಕ್ರ ಹಿಡಿಯುವುದಿಲ್ಲ, ಹಿಂದಕ್ಕೆ ಹೋಗುವ ಶಾಫ್ಟನ್ನು ಹಿಡಿಯುತ್ತದೆ. ಹಿಂದಿನ ಒಂದು ಚಕ್ರವನ್ನು ಜಾಕ್ ಮೇಲೆ ಎತ್ತಿದರೆ ಗಾಳಿಯಲ್ಲಿರುವ ಚಕ್ರ ತಿರುಗಿಕೊಂಡು ನೆಲದ ಮೇಲಿನ ಚಕ್ರವನ್ನು ಉರುಳಲು ಬಿಡುತ್ತದೆ. ಹ್ಯಾಂಡ್ ಬ್ರೇಕ್ ಎಳೆದಿದ್ದರೂ ಗಾಡಿ ಜಾರುತ್ತದೆ! ಮರದ ತುಂಡು ಕೊಡದೆ ಜಾಕ್ ಹಾಕಬೇಡಿ, ಜಾಕ್ ಮೇಲಿರುವ ಗಾಡಿಯ ಅಡಿಗೆ ತಲೆ ಹಾಕಲೇಬೇಡಿ.

ಹಂತ 6: ಫೋರ್ ವೀಲ್ ನಿಜವೋ ಸುಳ್ಳೋ

ಮಲೆನಾಡಿನಲ್ಲಿ ಜೀಪಿಗೆ ದುಡ್ಡು ಕೊಡುವುದೇ ಇದಕ್ಕೆ. ಆದರೂ ಲಿವರ್ ಅಲ್ಲಾಡಿಸಿ "ಇದೆ" ಎಂದು ಎದ್ದು ಬರುತ್ತಾರೆ. ಲಿವರ್ ಇದ್ದ ಮಾತ್ರಕ್ಕೆ ಮುಂದಿನ ಚಕ್ರ ಎಳೆಯುತ್ತದೆ ಎಂದಲ್ಲ. ಡೀಸೆಲ್ ಉಳಿಸಲು ಮುಂದಿನ ಶಾಫ್ಟ್ ಬಿಚ್ಚಿಟ್ಟವರಿದ್ದಾರೆ, ಹೌಸಿಂಗ್ ಒಳಗಿನ ಆಕ್ಸಲ್ಲನ್ನೇ ತೆಗೆದವರಿದ್ದಾರೆ.

ಪರೀಕ್ಷೆ ಸುಲಭ. ಸಮ ನೆಲದಲ್ಲಿ ಎಂಜಿನ್ ಆರಿಸಿ. ಮೊದಲ ಗೇರ್ ಹಾಕಿ, ಫೋರ್ ವೀಲ್ ಹೈ ಹಾಕಿ, ಮುಂದಿನ ಹಬ್ ಲಾಕ್ (ಚಕ್ರವನ್ನು ಆಕ್ಸಲ್ಲಿಗೆ ಜೋಡಿಸುವ ಗುಬ್ಬಿ) ಇದ್ದರೆ ಲಾಕ್ ಮಾಡಿ. ಹಿಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಮರದ ತುಂಡು ಕೊಡಿ. ಮುಂದಿನ ಒಂದೇ ಚಕ್ರ ಎತ್ತಿ ಕೈಯಿಂದ ತಿರುಗಿಸಿ. ಸ್ವಲ್ಪ ಅಲ್ಲಾಡಿ ಗಕ್ಕನೆ ನಿಲ್ಲಬೇಕು. ಸುಮ್ನೆ ಸಲೀಸಾಗಿ ಸುತ್ತಿದರೆ ಅದು ಟೂ ವೀಲ್ ಜೀಪು. ಚಕ್ರ ಎತ್ತಿದ್ದಾಗಲೇ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಕಟಕಟ ಎಂದರೆ ಕಿಂಗ್‌ಪಿನ್ (ಮುಂದಿನ ಚಕ್ರ ಎಡ ಬಲಕ್ಕೆ ತಿರುಗುವ ಪಿನ್) ಅಥವಾ ಬೇರಿಂಗ್ ಸವೆದಿದೆ.

ಇದಕ್ಕಿಂತ ಸೂಕ್ಷ್ಮದ್ದು ಕ್ರೌನ್ ಪಿನಿಯನ್, ಅಂದರೆ ಶಾಫ್ಟಿನ ತಿರುಗುವಿಕೆಯನ್ನು ಆಕ್ಸಲ್ಲಿಗೆ ಕೊಡುವ ಹಲ್ಲುಚಕ್ರದ ಜೋಡಿ. ಸಿಜೆ-3ಬಿಯಲ್ಲಿ ಕ್ರೌನಿಗೆ 43 ಹಲ್ಲು, ಪಿನಿಯನ್ನಿಗೆ 8, ಅಂದರೆ ಶಾಫ್ಟ್ 5.38 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಎಳೆತಕ್ಕೆ ಒಳ್ಳೆಯದು, ಓಟಕ್ಕೆ ನಿಧಾನ. ಹೈವೇಯಲ್ಲಿ ಸ್ಪೀಡು ಬೇಕು ಎಂದು ಹಿಂದಿನದ್ದನ್ನು ಮಾತ್ರ ಬದಲಾಯಿಸಿ, ಮುಂದಿನದ್ದು ಹಾಗೇ ಬಿಡುತ್ತಾರೆ. ಟೂ ವೀಲಿನಲ್ಲಿ ಏನೂ ಗೊತ್ತಾಗುವುದಿಲ್ಲ. ಫೋರ್ ವೀಲ್ ಹಾಕಿದ ಕೂಡಲೇ ಮುಂದೊಂದು ಲೆಕ್ಕ, ಹಿಂದೊಂದು ಲೆಕ್ಕ. ಒಂದು ಕಡೆ ಮುರಿಯಲೇಬೇಕು. ಮಣ್ಣಿನ ಗದ್ದೆ ಬಯಲಲ್ಲಿ ಫೋರ್ ವೀಲ್ ಹಾಕಿ ನೇರವಾಗಿ ಐವತ್ತು ಮೀಟರ್ ಹೋಗಿ. ಜಗ್ಗಿದ ಹಾಗಾದರೆ, ನಿಲ್ಲಿಸಿದ ಮೇಲೆ ಲಿವರ್ ವಾಪಸ್ ಬರದೆ ಕಚ್ಚಿಕೊಂಡರೆ, ಮೇಸ್ತ್ರಿಯನ್ನು ಕರೆದು ಎರಡೂ ಕಡೆ ಮುಚ್ಚಳ ತೆಗೆಸಿ ಹಲ್ಲು ಎಣಿಸಿ. ಈ ಪರೀಕ್ಷೆ ಡಾಂಬರಿನ ಮೇಲೆ ಬೇಡ. ಅಲ್ಲಿ ಒಳ್ಳೆ ಜೀಪೂ ಕಚ್ಚಿಕೊಳ್ಳುತ್ತದೆ.

ಹಂತ 7: ಓಡಿಸುವುದು

ಮೊದಲ ದಿನವೇ ಆಗುಂಬೆಯ 14 ತಿರುವು ಇಳಿಸುವ ಧೈರ್ಯ ಬೇಡ. ಊರ ಹತ್ತಿರದ ಒಂದು ಏರು, ಒಂದು ಇಳಿಜಾರು ಸಾಕು.

ಏರಿನಲ್ಲಿ ಟೆಂಪರೇಚರ್ ಮುಳ್ಳು ನೋಡಿ. ಇಳಿಜಾರಿನಲ್ಲಿ ಎರಡನೇ ಗೇರಿನಲ್ಲಿ ಎಕ್ಸಿಲೇಟರ್ ಬಿಡಿ. ಗೇರ್ ತಾನಾಗಿ ನ್ಯೂಟ್ರಲ್ಲಿಗೆ ಹಾರಿದರೆ ಗೇರ್ ಬಾಕ್ಸ್ ಬಿಚ್ಚಲೇಬೇಕು, ಘಾಟಿಯಲ್ಲಿ ಇದು ಪ್ರಾಣಕ್ಕೇ ಅಪಾಯ. ಸಿಜೆ-3ಬಿಯ ಮೂರು ಗೇರಿನ ಬಾಕ್ಸಿನಲ್ಲಿ ಓಡುವಾಗ ಮೊದಲ ಗೇರ್ ಗರ್ ಎಂದರೆ ಹೆದರಬೇಡಿ, ಅದು ಹಾಗೇ. 40ರಿಂದ 50 ಕಿಲೋಮೀಟರ್ ವೇಗದಲ್ಲಿ ಗುಂಡಿ ದಾಟಿದಾಗ ಸ್ಟೀರಿಂಗ್ ಕೈಯಲ್ಲಿ ಕುಣಿದರೆ ಕಿಂಗ್‌ಪಿನ್, ಕೊಂಡಿ, ಸ್ಪ್ರಿಂಗ್ ಬುಷ್ ಎಲ್ಲ ಲೆಕ್ಕಕ್ಕೆ ಬರೆದುಕೊಳ್ಳಿ.

ಹಂತ 8: ವೈರು, ಬಾಡಿ, ಆಮೇಲೆ ಬಣ್ಣ

ಡ್ಯಾಶ್‌ಬೋರ್ಡ್ ಹಿಂದೆ ಟಾರ್ಚ್ ಹಾಕಿ. ಟೇಪು ಸುತ್ತಿದ ಗಂಟುಗಳು ಐದಾರು ಇದ್ದರೆ, ಫ್ಯೂಸ್ ಜಾಗದಲ್ಲಿ ಬರೀ ತಂತಿ ಇದ್ದರೆ, ವೈರಿಂಗ್ ಪೂರ್ತಿ ಹೊಸದಾಗಿ ಮಾಡಿಸಬೇಕು ಎಂದೇ ಲೆಕ್ಕ ಹಾಕಿ.

ರಬ್ಬರ್ ಮ್ಯಾಟ್ ಎತ್ತಿ ನೆಲ ನೋಡಿ. ಅಂಟಿಸಿದ್ದಾರೆ, ಎತ್ತಲು ಆಗಲ್ಲ ಅಂದರೆ ಅಡಿಯಿಂದ ನೋಡಿ. ಬಾಡಿಯ ಕೆಳ ಅಂಚಿನಲ್ಲಿ ಮ್ಯಾಗ್ನೆಟ್ ಎಳೆಯುತ್ತಾ ಹೋಗಿ. ಹಿಡಿತ ಬಿಟ್ಟ ಕಡೆ ಒಳಗಿರುವುದು ಪುಟ್ಟಿ. ಅಂಗೈಯಗಲ ಪರವಾಗಿಲ್ಲ, ಇಡೀ ಬದಿ ಪುಟ್ಟಿಯಾದರೆ ಮುಂದಿನ ಮಳೆಗಾಲಕ್ಕೆ ಉಬ್ಬುತ್ತದೆ. ಹೊಸ ಬಾಡಿ ಹಾಕಿಸಿದ್ದಾರೆ ಎಂದರೆ ತಗಡಿನ ದಪ್ಪ ನೋಡಿ. ಬೆರಳಲ್ಲಿ ಒತ್ತಿದರೆ ಡಬ್ಬದ ಹಾಗೆ ಒಳಗೆ ಹೋಗಬಾರದು.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2318 ಎಂದರೆ 2018ರ 23ನೇ ವಾರ. ಗುಂಡಿ (ಟೈರಿನ ಮೇಲ್ಮೈಯ ಹಲ್ಲು) ತುಂಬಾ ಇದ್ದರೂ ಏಳೆಂಟು ವರ್ಷದ ಟೈರಿಗೆ ಬೆಲೆ ಕಟ್ಟಬೇಡಿ.

ಬಣ್ಣ? ಚೆನ್ನಾಗಿದ್ದರೆ ಸಂತೋಷ.

ಹಂತ 9: ಬೆಲೆ ಕಟ್ಟುವುದು

ಅವರು ಎಷ್ಟು ಖರ್ಚು ಮಾಡಿದರು ಎಂಬುದು ಅವರ ಲೆಕ್ಕ. ನೀವು ಇನ್ನೆಷ್ಟು ಖರ್ಚು ಮಾಡಬೇಕು ಎಂಬುದು ನಿಮ್ಮ ಲೆಕ್ಕ. ಬೆಲೆ ನಿಲ್ಲುವುದು ಎರಡನೆಯದರ ಮೇಲೆ.

ಮೊದಲು ನಿಮ್ಮ ಭಾಗದಲ್ಲಿ ಅದೇ ಮಾದರಿ, ಕಾಗದ ಸರಿ ಇರುವ, ಓಡುವ ಜೀಪು ಎಷ್ಟಕ್ಕೆ ಹೋಯಿತು ಎಂದು ಮೂರು ಕಡೆ ವಿಚಾರಿಸಿ. ಕೇಳಿದ ರೇಟಲ್ಲ, ಕೈ ಬದಲಾದ ರೇಟು. ಆಮೇಲೆ ಬರೆದುಕೊಂಡ ದೋಷಗಳಿಗೆ ಮೇಸ್ತ್ರಿಯಿಂದ ರೇಟು ಹಾಕಿಸಿ. ಲೆಕ್ಕ ಹೇಗೆಂದು ತೋರಿಸಲು ಸುಮ್ನೆ ಕೆಲವು ಅಂಕಿ ಹಾಕುತ್ತೇನೆ. ಊರಿನ ರೇಟು 4,00,000 ಎಂದಿಟ್ಟುಕೊಳ್ಳಿ. ಮಾರುವವರು ಹೇಳುವುದು 4,75,000. ಟೈರಿಗೆ 30,000, ಬ್ರೇಕಿಗೆ 12,000, ಕ್ರೌನ್ ಪಿನಿಯನ್ ಕೆಲಸಕ್ಕೆ 35,000, ವೈರಿಂಗಿಗೆ 15,000. ಒಟ್ಟು 92,000. ಬಿಚ್ಚಿದ ಮೇಲೆ ಸಿಗುವ ಹೊಸ ದೋಷಕ್ಕೆ ಅದರ ಕಾಲು ಭಾಗ, 23,000 ಸೇರಿಸಿ. 1,15,000 ಆಯಿತು. ಅದನ್ನು ಕಳೆದರೆ 2,85,000. ಎಂಜಿನ್ ಕೆಲಸಕ್ಕೆ 60,000 ರೂಪಾಯಿಯ ಬಿಲ್ಲು, ಫೋಟೋ ಎರಡೂ ಇದ್ದರೆ ಅದರ ಅರ್ಧ ಕೂಡಿಸಿ. 3,15,000. ನಾನಾದರೆ 2,90,000ದಿಂದ ಶುರು ಮಾಡಿ 3,15,000ಕ್ಕೆ ನಿಲ್ಲುತ್ತೇನೆ.

"ಇದು ವಿಂಟೇಜ್ ಗಾಡಿ" ಎಂಬ ಮಾತಿಗೆ ಬೆಲೆ ಏರಿಸಬೇಡಿ. 2021ರ ಕೇಂದ್ರದ ನಿಯಮದಂತೆ ವಿಂಟೇಜ್ ಎನ್ನಿಸಿಕೊಳ್ಳಲು ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ ಮೂಲದಂತೆ ಇರಬೇಕು. ಹಾಗೆ ನೋಂದಣಿಯಾದ ಗಾಡಿಯನ್ನು ದಿನಾ ಓಡಿಸುವ ಹಾಗೂ ಇಲ್ಲ. ತೋಟಕ್ಕೆ ಗೊಬ್ಬರ ಹೊರುವ ನಿಮಗೆ ಅದರಿಂದ ಏನು ಲಾಭ? ಮೂಲ ಪೆಟ್ರೋಲ್ ಎಂಜಿನ್ ಹುಡುಕುವ ಸಂಗ್ರಹಕಾರರಾದರೆ ಬೇರೆ ಮಾತು.

ಬೆಲೆ ಮಾತಾಡುವಾಗ ಅವರ ಕೆಲಸವನ್ನು ಹೀಯಾಳಿಸಬೇಡಿ. "ಬಣ್ಣಕ್ಕೇ ನಲವತ್ತು ಸಾವಿರ ಹಾಕಿದೀನಿ ಮಾರಾಯ್ರೆ" ಅಂತಾರೆ. "ಬಣ್ಣ ಚೆನ್ನಾಗಿ ಬಂದಿದೆ ಅಣ್ಣ, ಆದ್ರೆ ಇದೊಂದು ನೋಡಿ" ಎಂದು ಸೀಮೆಸುಣ್ಣದ ಗುರುತು ತೋರಿಸಿ. ಹೆಚ್ಚಿನವರು ಆ ಜಾಗ ತಾವೇ ನೋಡಿರುವುದಿಲ್ಲ.

ಹಂತ 10: ದುಡ್ಡು ಕೊಟ್ಟ ದಿನ

ಹೆಸರು ವರ್ಗಾವಣೆಯ ಫಾರ್ಮ್ 29, 30ಕ್ಕೆ ಸಹಿ ಹಾಕಿಸಿಕೊಂಡ ಮೇಲೆ ಪೂರ್ತಿ ಹಣ. ಮಾರಿದವರು 14 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ ಅರ್ಜಿ ಹಾಕಬೇಕು. ವಿಮೆ ಚಾಲ್ತಿ ಇಲ್ಲದಿದ್ದರೆ ಓಡಿಸಿಕೊಂಡು ಬರಬೇಡಿ, ಟೋ ಮಾಡಿಸಿ. ಮನೆಗೆ ತಂದ ಮೇಲೆ ಮೊದಲ 50 ಕಿಲೋಮೀಟರಿಗೆ ಒಮ್ಮೆ ನಿಲ್ಲಿಸಿ ಚಕ್ರದ ನಟ್, ಸ್ಪ್ರಿಂಗಿನ ಯು-ಬೋಲ್ಟ್ ಬಿಗಿ ಮಾಡಿ. ಎಡಗಡೆಯ ನಟ್ ಯಾವ ಕಡೆಗೆ ಬಿಗಿಯಾಗುತ್ತದೆ ಎಂದು ನೋಡಿಕೊಂಡು.